ನೀಲಿ ಬಿಟ್ಟ ಕೈ

ಕೋಟೆಯ ಗೋಡೆಗೆ ಬೆನ್ನು ಕೊಟ್ಟು, ಹೊಳೆಗೆ ಮುಖ ಮಾಡಿ ಕೂತಂಥ ಒಂದು ಬೀದಿ. ಅಲ್ಲಿಯ ಹೆಂಗಸರ ಕೈಗಳೆಲ್ಲ ನೀಲಿ. ಬೆರಳ ತುದಿಯಿಂದ ಮೊಣಕೈಯವರೆಗೆ, ಯಾರೋ ಸಂಜೆಯ ಆಕಾಶವನ್ನು ಕತ್ತರಿಸಿ ಕೈಗವಸು ಹೊಲಿದು ತೊಡಿಸಿದ ಹಾಗೆ. ಬಟ್ಟೆಗೆ ಬಣ್ಣ ಹಾಕುವುದು ಅವರ ಕಸುಬು. ಬೂದಿ ಹಚ್ಚಿ ಉಜ್ಜಿದರೂ, ಹಿಟ್ಟು ನಾದಿದರೂ ಆ ನೀಲಿ ಹೋಗುವುದಿಲ್ಲ. ಸಂತೆಯಲ್ಲಿ ಯಾವಳಾದರೂ ತರಕಾರಿ ಆರಿಸಲು ಕೈ ಚಾಚಿದರೆ ಸಾಕು, ಅವಳು ಯಾವ ಬೀದಿಯವಳೆಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ನೀಲಿಗೆ ಒಂದೇ ಒಂದು ಹಟ. ಬೀದಿಯ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕತೆಯಲ್ಲಿ ನೀಲಿ ಹೊಳೆಯ ಕಡೇ ಮಗಳು, ಮಹಾ ಹೊಟ್ಟೆಕಿಚ್ಚಿನವಳು. ಹೆಂಗಸಿನ ಒಡಲಲ್ಲಿ ಇನ್ನೊಂದು ಜೀವ ಬೇರು ಬಿಟ್ಟಿತೋ, ‘ಓಹೋ, ನನ್ನ ಜೊತೆಗೆ ಇನ್ನೊಬ್ಬರೋ’ ಎಂದು ಸೆರಗು ಕೊಡವಿಕೊಂಡು ಎದ್ದು ಹೋಗಿಬಿಡುತ್ತಾಳಂತೆ. ಹೊಟ್ಟೆಕಿಚ್ಚೋ ಮತ್ತೊಂದೋ, ಆಗುತ್ತಿದ್ದದ್ದಂತೂ ಹಾಗೆಯೇ. ಬಸಿರು ನಿಂತ ಹೆಂಗಸು ಒಂದು ಬೆಳಿಗ್ಗೆ ಏಳುವಾಗ ಕೈಗಳು ಹಾಲಿನಲ್ಲಿ ತೊಳೆದಂತೆ ಬೆಳ್ಳಗಾಗಿರುತ್ತಿದ್ದವು. ಆಮೇಲೆ ಯಾವ ಬಣ್ಣದಲ್ಲಿ ಅದ್ದಿದರೂ ಹಿಡಿಯುತ್ತಿರಲಿಲ್ಲ. ಹೆರಿಗೆಯಾದ ಮರುದಿನ ನೀಲಿ ತಾನಾಗಿಯೇ ಮರಳಿ ಬರುತ್ತಿತ್ತು, ಮುನಿಸು ತೀರಿದವಳ ಹಾಗೆ. ಅದಕ್ಕೂ ಮೊದಲೇ ಮರಳಿಬಿಟ್ಟರೆ ಅರ್ಥ ಒಂದೇ. ಆಗ ಬೀದಿಯಲ್ಲಿ ಯಾರೂ ಏನೂ ಮಾತಾಡುತ್ತಿರಲಿಲ್ಲ. ಆದರೆ ಎಲ್ಲರೂ ನೋಡುತ್ತಿದ್ದರು.

ಕೈ ಬೆಳ್ಳಗಾದವಳು ಬಣ್ಣದ ಬಾನಿಯ ಹತ್ತಿರ ಸುಳಿಯುವಂತಿರಲಿಲ್ಲ. ಬಾನಿಯೆಂದರೆ ಎದೆಯೆತ್ತರದ ಮಣ್ಣಿನ ಪಾತ್ರೆ. ಒಳಗೆ ಸೊಪ್ಪು, ಬೂದಿನೀರು, ಸುಣ್ಣ ಸೇರಿ ಹುದುಗು ಬಂದು ಹಗಲೂ ರಾತ್ರಿ ಉಸಿರಾಡುತ್ತಿರುತ್ತದೆ. ಬಸುರಿಯ ಕೈ ತಾಗಿದರೆ ಬಾನಿ ಹುಳಿಯಾಗಿ ಸಾಯುತ್ತದೆ, ಸತ್ತ ಬಾನಿಯ ನೆರಳು ಅಕ್ಕಪಕ್ಕದ ಬಾನಿಗಳಿಗೂ ತಗಲುತ್ತದೆ ಎಂದು ಬೀದಿಯ ನಂಬಿಕೆ. ಹಾಗೇನಾದರೂ ತಾಗಿದ್ದು ಗೊತ್ತಾದರೆ, ಎಷ್ಟೇ ಹಳೆಯ ಬಾನಿಯಾದರೂ ಅಂಗಳದಾಚೆ ನೆಲಕ್ಕೆ ಸುರಿದುಬಿಡಬೇಕು. ಆದ್ದರಿಂದ ಬೆಳ್ಳಗಾದ ಕೈಯವರನ್ನೆಲ್ಲ ಬೀದಿಯ ಕೊನೆಯ ಮಡಚುಮನೆಯಲ್ಲಿ ಕೂರಿಸುತ್ತಿದ್ದರು. ಒಣಗಿದ ಬಟ್ಟೆ ಮಡಚುವುದು, ಗಂಟು ಕಟ್ಟುವುದು, ಮಡಚುವುದು. ಬೇರೆ ಕೆಲಸವಿಲ್ಲ. ಒಬ್ಬರ ಕೈಯನ್ನು ಒಬ್ಬರು ನೋಡುತ್ತ ಕೂರುವುದು.

ಗುಬ್ಬಿ ಎಂದು ಬೀದಿಯೆಲ್ಲ ಕರೆಯುತ್ತಿದ್ದ ಹೆಂಗಸು ಎರಡು ಸಲ ಆ ಮನೆಯಲ್ಲಿ ಕೂತು ಬಂದಿದ್ದಳು. ಎರಡು ಸಲವೂ ಅವಳ ನೀಲಿ ಮೊದಲೇ ಮರಳಿತ್ತು. ಮೊದಲನೆಯ ಸಲ ಅವಳೇ ಕಂಡುಕೊಂಡಿದ್ದಳು. ಎರಡನೆಯ ಸಲ ಹಾಗಲ್ಲ. ಮಡಚುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದವಳು ಸುಮ್ಮನಾದಳು. ಅವಳ ಪಕ್ಕದವಳು ಸುಮ್ಮನಾದಳು. ಕೋಣೆಯೇ ಸುಮ್ಮನಾದಾಗ ಗುಬ್ಬಿ ಕೆಳಗೆ ನೋಡಿದರೆ, ಉಗುರಿನ ಬುಡದಲ್ಲಿ ನೀಲಿ ಇಣುಕುತ್ತಿತ್ತು. ತನ್ನ ಮೈಯ ಸುದ್ದಿ ತನಗಿಂತ ಮೊದಲು ಕೋಣೆಗೆ ಗೊತ್ತಾಗಿತ್ತು.

ಅವಳು ದುಡಿಯುತ್ತಿದ್ದ ಬಣ್ಣದ ಅಂಗಳದಲ್ಲಿ ಅವಳ ಪಾಲಿಗಿದ್ದದ್ದು ಎಲ್ಲಕ್ಕಿಂತ ಹಳೆಯ ಬಾನಿ. ಅದರ ಹೆಸರು ದೊಡ್ಡಮ್ಮ. ಯಾರ ಅಜ್ಜಿಯ ಕಾಲದಲ್ಲಿ ಹುದುಗು ಹಾಕಿದ್ದೋ, ಒಂದು ದಿನವೂ ಬರಿದಾಗಿರಲಿಲ್ಲ. ಗುಬ್ಬಿ ಎಷ್ಟು ಗಿಡ್ಡಗಿದ್ದಳೆಂದರೆ ಸ್ಟೂಲಿನ ಮೇಲೆ ನಿಂತೇ ಕೋಲು ಹಾಕಿ ಕಲಕಬೇಕು. ಮೂಗು ಮುಂದೆ ಮಾಡಿ ವಾಸನೆ ನೋಡುವುದು, ಕೋಲಿನ ತುದಿಯ ಹನಿ ನಾಲಿಗೆಗೆ ಮುಟ್ಟಿಸಿ ರುಚಿ ನೋಡುವುದು, ಇವತ್ತು ಸುಣ್ಣ ಬೇಕೋ ಹೊಟ್ಟು ಬೇಕೋ ಎಂದು ಹೇಳುವುದು ಅವಳ ಕೆಲಸ. ಬಟ್ಟೆ ಅದ್ದುವವರು ಬೇರೆ. ‘ದೊಡ್ಡಮ್ಮ ಇವತ್ತು ಮುಖ ಊದಿಸಿಕೊಂಡಿದ್ದಾಳೆ’ ಎಂದು ಗುಬ್ಬಿ ಹೇಳಿದರೆ, ಅಂಗಳದ ಯಜಮಾನಿಯೂ ಆ ದಿನ ಬಟ್ಟೆ ಇಳಿಸುತ್ತಿರಲಿಲ್ಲ.

ಮೂರನೆಯ ಸಲ ಕೈ ಬೆಳ್ಳಗಾದ ಬೆಳಿಗ್ಗೆ ಗುಬ್ಬಿ ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅವನ್ನೇ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಕೈಗಳನ್ನು ಮೊಣಕೈವರೆಗೂ ಹಿಟ್ಟಿನಲ್ಲಿ ಮುಳುಗಿಸಿ ನಾದತೊಡಗಿದಳು.

ಅತ್ತೆ ಒಲೆಯ ಮುಂದಿದ್ದರು. ಬೀದಿಯಲ್ಲಿ ಅವರ ಬಾಯಿಗೆ ಹೆದರದವರಿಲ್ಲ.

“ಯಾರ ಮನೆ ಮದುವೆನೇ?” ಎಂದರು.

“ಯಾಕೆ ಅತ್ತೆ?”

“ಇಷ್ಟೊಂದು ಹಿಟ್ಟು ಸುರ್ಕೊಂಡಿದ್ದೀಯಲ್ಲ. ನಾವಿರೋದು ಮೂರು ಜನ.”

ಗುಬ್ಬಿ ತಲೆ ಎತ್ತಲಿಲ್ಲ. ಅತ್ತೆ ಎದ್ದು ಬಂದರು, ಸೊಸೆಯ ಮುಂಗೈ ಹಿಡಿದು ಎತ್ತಿದರು, ಹೆಬ್ಬೆರಳಿನಿಂದ ಹಿಟ್ಟು ಒರೆಸಿದರು. ಅಡಿಯಲ್ಲಿ ಬೆಳ್ಳನೆಯ ಚರ್ಮ. ಒಲೆಯ ಮೇಲಿನ ಗಂಜಿ ಉಕ್ಕಿ ಕೆಂಡಕ್ಕೆ ಬಿದ್ದು ಚುಯ್ ಎಂದಿತು. ಇಬ್ಬರೂ ಅತ್ತ ನೋಡಲಿಲ್ಲ.

“ಯಾವಾಗಿಂದ?”

“ಇವತ್ತಿಂದ.”

“ಅವನಿಗೆ ಗೊತ್ತಾ?”

“ನೀರಿನ ಬಂಡಿ ಹೊಡ್ಕೊಂಡು ಕತ್ತಲಲ್ಲೇ ಹೋದ್ರು. ಗೊತ್ತಿಲ್ಲ.”

“ಸಂಜೆ ಹೇಳು. ಹೇಳಿ ಬಾಯಿಗೆ ಬಟ್ಟೆ ತುರುಕು. ನನ್ನ ಮಗನ ಹೊಟ್ಟೇಲಿ ಒಂದು ಕಾಳು ಮಾತು ನಿಲ್ಲಲ್ಲ.” ಅತ್ತೆ ಗಂಜಿ ಇಳಿಸಿದರು. “ನಡಿ, ಹಿಟ್ಟು ತೊಳ್ಕೋ. ಮಡಚುಮನೆಗೆ ನಾನೇ ಬಿಟ್ಟು ಬರ್ತೀನಿ.”

“ನಾನು ಹೋಗಲ್ಲ ಅತ್ತೆ.”

ಅತ್ತೆ ತಿರುಗಿ ನೋಡಿದರು. ಸೊಸೆ ಈ ಮನೆಗೆ ಬಂದಮೇಲೆ ‘ಇಲ್ಲ’ ಎಂದದ್ದು ಅವರಿಗೆ ನೆನಪಿರಲಿಲ್ಲ.

“ಮಗು ಹೊಟ್ಟೇಲಿ ಒಂದ್ಸಲ ಅಲುಗಾಡಲಿ. ಆಮೇಲೆ ನೀವು ಎಲ್ಲಿ ಕೂರು ಅಂದ್ರೆ ಅಲ್ಲಿ ಕೂರ್ತೀನಿ. ಅಲ್ಲೀವರೆಗೂ ಆ ಕೋಣೇಲಿ ಕೂತು ಎಲ್ಲರಿಗೂ ಕೈ ತೋರಿಸ್ತಾ ಇರೋಕೆ ನನ್ನಿಂದ ಆಗಲ್ಲ. ಮತ್ತೆ ಹೋದ್ರೆ... ಈ ಸಲ ನನಗೇ ಮೊದಲು ಗೊತ್ತಾಗಬೇಕು.”

“ಮತ್ತೆ ದೊಡ್ಡಮ್ಮ? ನಿನ್ನ ದೆಸೆಯಿಂದ ಅವಳು ಸತ್ರೆ ಬೀದೀಲಿ ನಾವು ತಲೆ ಎತ್ತಿ ಓಡಾಡೋದು ಹೇಗೆ?”

“ದಿನಾ ರುಚಿ ನೋಡ್ತೀನಲ್ಲ. ಒಂಚೂರು ಹುಳಿ ತಿರುಗಿದ ದಿನ ನಾನೇ ಹೋಗಿ ಯಜಮಾನಿ ಹತ್ರ ಒಪ್ಕೋತೀನಿ. ನಿಮ್ಮಾಣೆ.”

“ನನ್ನಾಣೆ ಯಾಕೆ, ನಿನ್ನಾಣೆ ಇಟ್ಕೋ,” ಎಂದರು ಅತ್ತೆ. ಆದರೆ ಅಂದು ಮಧ್ಯಾಹ್ನ, ಸೊಸೆ ತಲೆನೋವೆಂದು ಮಲಗಿದ್ದಾಗ, ಬಾನಿಯ ಮೇಲೆ ಕಟ್ಟಿ ಒಣಗಿದ ನೀಲಿ ನೊರೆಯನ್ನು ಎಲ್ಲಿಂದಲೋ ಒಂದು ಹಿಡಿ ತಂದರು. ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆದು, ಜೇನುಮೇಣ ಕರಗಿಸಿ, ದೀಪದ ಎಣ್ಣೆ ಬೆರೆಸಿ, ಒಂದು ಗಟ್ಟಿ ಮುದ್ದೆ ಮಾಡಿಟ್ಟರು. “ಹಚ್ಚಿದ ಮೇಲೆ ಹೊಟ್ಟು ಉದುರಿಸಿ ಒರೆಸ್ಕೋ, ಇಲ್ಲಾಂದ್ರೆ ಮಿಣಮಿಣ ಅನ್ನುತ್ತೆ,” ಎಂದರು. ಅದು ಅವರಿಗೆ ಹೇಗೆ ಗೊತ್ತೆಂದು ಗುಬ್ಬಿ ಕೇಳಲಿಲ್ಲ.

ಆಮೇಲಿನ ಬೆಳಗುಗಳೆಲ್ಲ ಒಂದೇ ತರಹ. ಗುಬ್ಬಿ ಎಲ್ಲರಿಗಿಂತ ಮೊದಲು ಏಳುವಳು. ಹಿಂದಿನ ದಿನದ ಬಣ್ಣವನ್ನು ಬಿಸಿ ಬೂದಿನೀರಿನಲ್ಲಿ ತೊಳೆದು, ಕಿಟಕಿಯ ಬೆಳಕಿಗೆ ಕೈ ಹಿಡಿಯುವಳು. ಉಗುರಿನ ಬುಡ, ಬೆರಳ ಸಂದಿ, ಮುಂಗೈ ಗೆರೆ. ಬೆಳ್ಳಗಿದ್ದರೆ ಉಸಿರು ಬಿಡುವಳು. ಅತ್ತೆ ಬಾಗಿಲಲ್ಲಿ ನಿಂತು, “ಹ್ಞೂಂ?” ಎನ್ನುವರು. “ಹ್ಞೂಂ,” ಎನ್ನುವಳು. ಅಷ್ಟೇ ಮಾತು. ಬಂಡಿ ಹೊಡೆಯುವ ಗಂಡನಿಗೆ ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಿರಲಿಲ್ಲ. ಅವನು ಬೀದಿಯಲ್ಲಿ ಯಾರು ಮಾತಾಡಿಸಿದರೂ ಸಿಳ್ಳೆ ಹಾಕಿಕೊಂಡು ಮುಂದೆ ಹೋಗತೊಡಗಿದ. ಗಂಡಹೆಂಡತಿ ಜಗಳವಾಡಿದ್ದಾರೆ ಎಂದು ಜನ ಮಾತಾಡಿಕೊಂಡರು. ಒಳ್ಳೆಯದೇ ಆಯಿತು.

ದೊಡ್ಡಮ್ಮ ಸಾಯಲಿಲ್ಲ. ಸಾಯುವುದಿರಲಿ, ವಯಸ್ಸಿಗೆ ಬಂದವಳ ಹಾಗೆ ಮೈದುಂಬಿಕೊಂಡಳು. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ಹೂವಿನ ಹಾಗೆ ಅರಳುವ ನೊರೆ. ಗುಬ್ಬಿ ಪ್ರತಿದಿನ ಭಯದಿಂದಲೇ ಕೋಲಿನ ತುದಿ ನಾಲಿಗೆಗೆ ಮುಟ್ಟಿಸುವಳು. ಪ್ರತಿದಿನ ಅದೇ ತುಸು ಸಿಹಿ, ತುಸು ಖಾರ. ಕೋಟೆಯ ಒಡತಿಯ ಮನೆಗೆ ಹೋದ ಮೊದಲ ಬಟ್ಟೆಗಳನ್ನು ನೋಡಿ, ಇಂಥ ನೀಲಿ ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದಿರಿ ಎಂದು ಹೇಳಿಕಳಿಸಿದರಂತೆ. ಯಜಮಾನಿ ಅಂದು ಇಡೀ ಅಂಗಳಕ್ಕೆ ಕೇಳುವಂತೆ ದೊಡ್ಡಮ್ಮನ ಹೊಟ್ಟೆ ತಟ್ಟಿದಳು. ಕೋಟೆಯಿಂದ ಮತ್ತೊಂದು ಕೆಲಸ ಬಂತು. ಒಡತಿಯ ಮಗಳ ಮದುವೆಗೆ, ಸಭಾಗೃಹದ ಗೋಡೆಯುದ್ದಕ್ಕೂ ತೂಗುವ ಒಂದೇ ಬಟ್ಟೆ.

ಆ ಬಟ್ಟೆಯನ್ನು ಒಣಹಾಕಿದ ದಿನ ಸೆಕೆಯೋ ಸೆಕೆ. ಹಗ್ಗಕ್ಕೆ ಎತ್ತಿ ಹಾಕಲು ಗುಬ್ಬಿಯ ಜೊತೆ ಬಂದವಳು ಗಿಲಕಿ. ಬಾಯಿ ಒಂದು ಗಳಿಗೆ ಸುಮ್ಮನಿರದು, ಅದಕ್ಕೇ ಆ ಹೆಸರು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ದೊಡ್ಡಮ್ಮನಲ್ಲಿ ಬಟ್ಟೆ ಅದ್ದುವವಳು ಅವಳೇ.

“ಏ ಗುಬ್ಬಿ, ಆ ಕಡೆ ಎಳಿಯೇ. ನೀನು ಎತ್ತಿ ಹಿಡಿದ್ರೂ ನೆಲಕ್ಕೇ ತಾಗುತ್ತೆ, ನಿನ್ನ ಎತ್ತರವೇ!”

“ಬಾಯಲ್ಲಿ ಎಳೀತಿದ್ದೀಯಲ್ಲ ಅಕ್ಕ, ನಾನ್ಯಾಕೆ ಕೈ ನೋಯಿಸ್ಕೊಳ್ಳಲಿ?”

“ಅಯ್ಯೋ, ಗುಬ್ಬಿಗೂ ಕೊಕ್ಕು ಬಂತು!”

ಇಬ್ಬರೂ ನಕ್ಕರು. ಗುಬ್ಬಿಯ ಅಂಗೈ ಬೆವೆತು ಜಿಡ್ಡಾಗುತ್ತಿತ್ತು. ಅವಳಿಗದು ತಿಳಿಯಲಿಲ್ಲ.

ಸಂಜೆ ಯಜಮಾನಿ ಬಟ್ಟೆಯ ಉದ್ದಕ್ಕೂ ನಡೆಯುತ್ತ ಬಂದವಳು ಒಂದು ಕಡೆ ನಿಂತಳು. ಆಮೇಲೆ ಎಲ್ಲರನ್ನೂ ಕರೆದಳು. ಬಟ್ಟೆಯ ಅಂಚಿನಲ್ಲಿ, ಆಕಾಶದಂತಹ ನೀಲಿಯ ಮೇಲೆ ಕಪ್ಪುನೀಲಿಯ ಒಂದು ಜಿಡ್ಡಿನ ಗುರುತು. ಹೆಬ್ಬೆರಳು, ಅಂಗೈಯ ಅಂಚು. ಯಜಮಾನಿ ಅದನ್ನು ಉಗುರಿನಿಂದ ಕೆರೆದಳು. ಮೇಣ ಮೇಣವಾಗಿ ಎದ್ದು ಬಂತು.

ಯಾರೂ ವಿವರಿಸಬೇಕಾಗಿರಲಿಲ್ಲ. ಚರ್ಮ ಕುಡಿದ ನೀಲಿ ಯಾವುದಕ್ಕೂ ಅಂಟುವುದಿಲ್ಲ. ಅಂಟುವುದು ಬಳಿದುಕೊಂಡದ್ದು. ನೀಲಿ ಬಳಿದುಕೊಳ್ಳುವ ಗರಜು ಒಬ್ಬಳಿಗೇ ಇರುವುದು, ಕೈ ಬೆಳ್ಳಗಾದವಳಿಗೆ.

“ಇದನ್ನ ಒಣಹಾಕಿದ್ದು ಯಾರ್‍ಯಾರು?”

“ನಾನು, ಗುಬ್ಬಿ,” ಎಂದಳು ಗಿಲಕಿ.

ಆಗ ಆ ಬೀದಿಯವರಷ್ಟೇ ಮಾಡಬಹುದಾದ ತಪ್ಪೊಂದನ್ನು ಎಲ್ಲರೂ ಒಟ್ಟಿಗೆ ಮಾಡಿದರು. ದೊಡ್ಡಮ್ಮ ಇಷ್ಟು ಚೆನ್ನಾಗಿರುವಾಗ ಅವಳನ್ನು ದಿನವಿಡೀ ಕಲಕುವ ಗುಬ್ಬಿ ಬಸುರಿಯಾಗಿರಲು ಸಾಧ್ಯವೇ ಇಲ್ಲ. ಅಲ್ಲದೆ ಪಾಪ, ಅವಳ ಹಣೆಬರಹ ಎಲ್ಲರಿಗೂ ಗೊತ್ತು. ಅಂದಮೇಲೆ ಇನ್ನುಳಿದವಳು ಒಬ್ಬಳೇ. ಹೊಳೆ ದಾಟಿ ಬರುವ ಉಪ್ಪಿನ ವ್ಯಾಪಾರಿಯ ಜೊತೆ ಗಿಲಕಿ ಕಟ್ಟೆಯ ಮೇಲೆ ಕೂತು ಹರಟುವುದನ್ನು ನೋಡದವರು ಯಾರು? ಅವಳ ಕೈ ಇವತ್ತು ಬೆಳಿಗ್ಗೆಯಷ್ಟೇ ಬೆಳ್ಳಗಾಗಿರಬೇಕು, ದೊಡ್ಡಮ್ಮನಿಗೆ ಇನ್ನೂ ಅದರ ಬಿಸಿ ತಟ್ಟಿಲ್ಲ. ಕಣ್ಣುಗಳೆಲ್ಲ ಅತ್ತ ತಿರುಗಿದವು.

“ಓ, ನಾನಾ?” ಗಿಲಕಿ ನಕ್ಕಳು. “ಗಂಡ ಇದ್ದಾಗ್ಲೇ ಆಗಲಿಲ್ಲ, ಈಗ ಗಾಳಿಗೆ ಆಯ್ತಾ?”

ಯಾರೂ ನಗಲಿಲ್ಲ.

“ಕೈ ತೊಳಿ,” ಎಂದಳು ಯಜಮಾನಿ. ಬೂದಿನೀರಿನ ತೊಟ್ಟಿ ತೋರಿಸಿದಳು.

ಗಿಲಕಿಯ ನಗು ಮುಖದ ಮೇಲೆಯೇ ಉಳಿದಿತ್ತು, ಆದರೆ ಅದರೊಳಗಿದ್ದವಳು ಎದ್ದು ಹೋಗಿದ್ದಳು. “ತೊಳೆಯಲ್ಲ,” ಎಂದಳು.

“ತೊಳೆದ್ರೆ ಮುಗೀತಲ್ಲ!”

“ಹೌದು, ಮುಗಿಯುತ್ತೆ. ‘ಆಯ್ತು ಬಿಡು, ನೀಲಿನೇ ಇದೆ’ ಅಂತೀರಿ. ನಾಳೆ ಮತ್ತೆ ಇನ್ನೊಂದಕ್ಕೆ ನನ್ನನ್ನೇ ನೋಡ್ತೀರಿ. ಇಷ್ಟು ವರ್ಷ ಒಟ್ಟಿಗೆ ಕೈ ಅದ್ದಿದ್ದೀವಿ, ಯಾರಾದ್ರೂ ಒಬ್ಬರು ‘ಅವಳಲ್ಲ’ ಅಂದ್ರಾ?”

“ತೊಳೆಯದಿದ್ರೆ ಈ ಅಂಗಳದಲ್ಲಿ ನಿನಗೆ ಜಾಗ ಇಲ್ಲ.”

“ಇಲ್ಲದಿದ್ರೆ ಬೇಡ.” ಗಿಲಕಿ ಕೆಲಸಕ್ಕೆಂದು ಸೀರೆಯ ಮೇಲೆ ಸೊಂಟಕ್ಕೆ ಕಟ್ಟಿದ್ದ ಮೇಲುವಸ್ತ್ರದ ಗಂಟು ಬಿಚ್ಚತೊಡಗಿದಳು. ಒದ್ದೆಯಾಗಿ ಬಿಗಿದಿದ್ದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

ಗುಬ್ಬಿ ನಿಂತಿದ್ದಳು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗಂಟು ಬಿಚ್ಚುತ್ತದೆ, ಗಿಲಕಿ ಹೊರಟುಹೋಗುತ್ತಾಳೆ, ನಾಳೆ ಬೆಳಿಗ್ಗೆ ಕಿಟಕಿಯ ಬೆಳಕಿಗೆ ತಾನು ಮತ್ತೆ ಕೈ ಹಿಡಿಯಬಹುದು, ಯಾರಿಗೂ ತಿಳಿಯದಂತೆ. ಇನ್ನು ಸ್ವಲ್ಪವೇ ದಿನ. ಹಾಗೆ ಯೋಚಿಸುತ್ತಲೇ ಅವಳ ಕಾಲು ಸ್ಟೂಲಿನ ಕಡೆ ನಡೆದಿತ್ತು.

“ಅಕ್ಕ, ಗಂಟು ಬಿಚ್ಚಬೇಡ,” ಎಂದಳು.

ಸ್ಟೂಲು ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಗಳನ್ನು ಮೊಣಕೈವರೆಗೆ ದೊಡ್ಡಮ್ಮನೊಳಗೆ ಇಳಿಬಿಟ್ಟಳು. ಬೆಚ್ಚಗಿತ್ತು. ಹಸುವಿನ ಹೊಟ್ಟೆಗೆ ಒರಗಿದ ಹಾಗೆ. ಒಳಗೆ ಒಂದು ಕೈಯಿಂದ ಇನ್ನೊಂದನ್ನು ಉಜ್ಜಿದಳು. ಮೇಣ ಚೂರು ಚೂರಾಗಿ ಮೇಲೆ ತೇಲಿತು. ಆಮೇಲೆ ಕೈ ಮೇಲೆತ್ತಿದಳು.

ಬಾನಿಯಿಂದ ಬರುವಾಗ ಎಲ್ಲವೂ ಹಸಿರು. ಬಟ್ಟೆಯಾಗಲಿ ಚರ್ಮವಾಗಲಿ, ಗಾಳಿ ಸೋಕಿದ ಮೇಲೆಯೇ ಹಸಿರು ನೀಲಿಗೆ ತಿರುಗುವುದು. ಅಂಗಳದ ಹೆಂಗಸರೆಲ್ಲ ಹುಟ್ಟಿದಾಗಿನಿಂದ ಅದನ್ನು ನೋಡಿದವರು. ಈಗಲೂ ಅದಕ್ಕಾಗಿಯೇ ಕಾದರು. ಹಸಿರು ಹನಿಗಳು ಗುಬ್ಬಿಯ ಬೆರಳಿನಿಂದ ಇಳಿದು ಇಳಿದು ಬಾನಿಗೇ ಬಿದ್ದವು. ಕೊನೆಯ ಹನಿಯೂ ಬಿತ್ತು. ಕೈಗಳು ಬರಿದಾಗಿ, ಬೆಳ್ಳಗೆ, ಸಂಜೆಯ ಬಿಸಿಲಿನಲ್ಲಿ ಹಾಗೆಯೇ ಇದ್ದವು.

“ಅಯ್ಯೋ, ದೊಡ್ಡಮ್ಮನೊಳಗೇ ಅದ್ದಿಬಿಟ್ಟಳಲ್ಲ!” ಹಿಂದಿನಿಂದ ಯಾರೋ ಕೂಗಿದರು. “ಸುರಿಯಿರಿ! ಮೊದಲು ಬಾನಿ ಸುರಿಯಿರಿ! ನೆರಳು ನಮ್ಮ ಬಾನಿಗೂ ಬೀಳುತ್ತೆ!”

“ಯಾವಾಗಿಂದ?” ಎಂದು ಯಜಮಾನಿ ಕೇಳಿದಳು. ಅವಳ ದನಿ ಏರಿರಲಿಲ್ಲ.

“ಕೋಟೆಗೆ ಮೊದಲ ಬಟ್ಟೆಗಳು ಹೋದ್ವಲ್ಲ, ಅದಕ್ಕಿಂತ ಮುಂಚಿನಿಂದ.”

“ದಿನಾ ನೀನೇ ಕಲಕ್ತಿದ್ದೆ.”

“ದಿನಾ. ಒಂಚೂರು ಹುಳಿ ತಿರುಗಿದ್ರೆ ಅವತ್ತೇ ಬಂದು ಹೇಳಬೇಕು ಅಂತಿದ್ದೆ. ತಿರುಗಲೇ ಇಲ್ಲ ಯಜಮಾನಮ್ಮ. ನಾನೇನು ಮಾಡಲಿ?”

ಯಜಮಾನಿ ಹಗ್ಗದ ಮೇಲಿನ ಬಟ್ಟೆಯನ್ನು ನೋಡಿದಳು. ಗಾಳಿಗೆ ಅದು ದೊಡ್ಡ ಹಕ್ಕಿಯ ರೆಕ್ಕೆಯಂತೆ ಒಮ್ಮೆ ಎದ್ದು ಕೂತಿತು. ಕೋಟೆಯವರ ಮುಂದೆ ನಿಂತು, ತಮ್ಮ ಅಂಗಳದ ಹೆಸರು ಹೇಳಿ, ಆ ನೀಲಿಯ ಬಗ್ಗೆ ಎದೆಯುಬ್ಬಿಸಿ ಮಾತಾಡಿ ಬಂದವಳು ಅವಳೇ. ಅವಳು ಬಾನಿಯ ಹತ್ತಿರ ಬಂದು, ಗುಬ್ಬಿಯ ಕೋಲು ತೆಗೆದುಕೊಂಡು, ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು. ಮತ್ತೊಮ್ಮೆ ಅದ್ದಿ ಮತ್ತೊಮ್ಮೆ ಮುಟ್ಟಿಸಿದಳು.

“ಸುರಿಯಿರಿ ಅಂದವರು ಯಾರು?” ಎಂದಳು. “ಬನ್ನಿ. ಮೊದಲು ರುಚಿ ನೋಡಿ, ಆಮೇಲೆ ಸುರಿಯೋಣ.”

ಯಾರೂ ಮುಂದೆ ಬರಲಿಲ್ಲ. ಗಿಲಕಿ ಬಂದಳು. ಅರ್ಧ ಬಿಚ್ಚಿದ ಗಂಟು ಒಂದು ಕೈಯಲ್ಲಿ ಹಿಡಿದುಕೊಂಡೇ, ಕೋಲು ಕಸಿದುಕೊಂಡು ನೆಕ್ಕಿದಳು. ಮುಖ ಕಿವುಚಿದಳು.

“ಥೂ. ದಿನಾ ಇದನ್ನ ಹೇಗೆ ಬಾಯಿಗೆ ಹಾಕ್ತೀಯೇ ಗುಬ್ಬಿ?” ಆಮೇಲೆ ಎಲ್ಲರ ಕಡೆ ತಿರುಗಿ, “ಚೆನ್ನಾಗೇ ಇದ್ದಾಳಮ್ಮ ದೊಡ್ಡಮ್ಮ. ನಿಮಗಿಂತ, ನನಗಿಂತ ಚೆನ್ನಾಗಿದ್ದಾಳೆ,” ಎಂದಳು. ನೀಲಿಯಾದ ನಾಲಿಗೆ ಹೊರಗೆ ಚಾಚಿ ತೋರಿಸಿದಳು.

ಯಾರೋ ಕಿಸಕ್ಕನೆ ನಕ್ಕರು. ಅಂಗಳದ ಬಿಗಿ ಸ್ವಲ್ಪ ಸಡಿಲವಾಯಿತು. ಆದರೂ ಒಬ್ಬಳು ಮುದುಕಿ ಬಿಡಲಿಲ್ಲ. “ಬಾನಿ ಇರಲಿ ತಾಯಿ. ಅವಳು ಮಡಚುಮನೆಗೆ ಹೋಗಲಿ. ಇದೇನು ಇವತ್ತಿನ ಪದ್ಧತಿನಾ?”

ಗುಬ್ಬಿ ಸ್ಟೂಲಿನಿಂದ ಇಳಿಯಲಿಲ್ಲ. “ನಾನು ಹೋಗಲ್ಲ ಅಜ್ಜಿ,” ಎಂದಳು. “ಅಲ್ಲಿ ಕೂತ್ರೆ ಬೆಳಗಿಂದ ಸಂಜೆವರೆಗೂ ಇದೊಂದನ್ನೇ ನೋಡ್ತಾ ಕೂರಬೇಕು. ಇಲ್ಲಾದ್ರೆ ನೋಡೋಕೆ ದೊಡ್ಡಮ್ಮ ಇದ್ದಾಳೆ. ನೀಲಿ ಬಂದ್ರೂ ಇಲ್ಲೇ ಬರಲಿ. ಕೋಲು ಹಿಡಿದ ಕೈಗೇ ಬರಲಿ.”

ಯಜಮಾನಿ ಕೋಲನ್ನು ಗಿಲಕಿಯಿಂದ ತೆಗೆದು ಗುಬ್ಬಿಗೆ ಕೊಟ್ಟಳು.

“ನನ್ನ ಅಂಗಳದ ಮಾತು ನಾನು ಹೇಳ್ತೀನಿ. ಬೇರೆ ಅಂಗಳದವರದ್ದು ಅವರಿಗೆ ಬಿಟ್ಟದ್ದು. ಇವಳನ್ನ ಕಳಿಸಿ ನಾಳೆ ಈ ಬಾನಿ ನಾನು ಕಲಕ್ಲಾ? ನನ್ನ ಸೊಂಟ ನೋಡಿದ್ದೀರಾ?” ಬಟ್ಟೆಯ ಗುರುತಿನ ಕಡೆ ಕೈ ತೋರಿಸಿದಳು. “ಗಿಲಕಿ, ಆ ಅಂಚು ಬಿಸಿನೀರಲ್ಲಿ ತೊಳೆದು ಇನ್ನೊಂದ್ಸಲ ಅದ್ದು. ಮತ್ತೆ... ನಿನಗೆ ಕೈ ತೊಳಿ ಅಂದದ್ದು ನನ್ನ ತಪ್ಪು.”

“ಹ್ಞೂಂ, ತಪ್ಪೇ,” ಎಂದಳು ಗಿಲಕಿ. ಅವಳು ಅದನ್ನು ಸುಲಭಕ್ಕೆ ಮರೆಯುವಂತೆ ಕಾಣಲಿಲ್ಲ. ಗಂಟು ಮತ್ತೆ ಬಿಗಿದುಕೊಂಡಳು. ಗುಬ್ಬಿಯ ಪಕ್ಕ ಹಾದು ಹೋಗುವಾಗ ಮೆಲ್ಲಗೆ, “ನನ್ನ ಹತ್ರನಾದ್ರೂ ಹೇಳಬಾರದಿತ್ತೇನೇ?” ಎಂದಳು.

“ನಿನ್ನ ಹತ್ರನಾ ಅಕ್ಕ? ಉಪ್ಪಿನವನಿಗೆ ಮೊದಲು ಗೊತ್ತಾಗ್ತಿತ್ತು.”

ಗಿಲಕಿ ಅವಳ ತೋಳಿಗೆ ಒಂದು ಕೊಟ್ಟಳು. ನೋವಾಗುವಷ್ಟೇ.

ಮರುದಿನ ಬೆಳಿಗ್ಗೆ ಗುಬ್ಬಿ ಏನನ್ನೂ ಬಳಿದುಕೊಳ್ಳದೆ ಬೀದಿಗೆ ಇಳಿದಳು. ಅತ್ತೆ ಕರೆಯದೆಯೇ ಜೊತೆಗೆ ಹೊರಟರು. ಜಗುಲಿಗಳಲ್ಲಿ ನಿಂತವರ ಕಣ್ಣು ಮೊದಲು ಕೈಗೇ ಬೀಳುತ್ತಿತ್ತು. “ಏನ್ ನೋಡ್ತೀಯೇ, ಕೈ ಕಂಡಿಲ್ವಾ? ನಿನಗೂ ಎರಡಿವೆ, ಹೋಗಿ ಕಸ ಗುಡಿಸು,” ಎಂದು ಅತ್ತೆ ಒಬ್ಬೊಬ್ಬರಿಗೂ ಉಣಬಡಿಸುತ್ತ ಬಂದರು. ಹೀಗೇ ಎಷ್ಟು ದಿನ ಬರುತ್ತೀರಿ ಎಂದು ಗುಬ್ಬಿ ಕೇಳಿದರೆ, “ನನ್ನ ಕಾಲು, ನನ್ನ ಬೀದಿ,” ಎಂದರು.

ಹೊಟ್ಟೆಯೊಳಗಿನದು ಇನ್ನೂ ಅಲುಗಿರಲಿಲ್ಲ. ಕೋಲು ಹಿಡಿಯುವ ಮೊದಲು ಗುಬ್ಬಿ ಉಗುರಿನ ಬುಡ ನೋಡಿಕೊಳ್ಳುವುದು ತಪ್ಪಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಆದರೆ ಕೋಲು ಒಳಗಿಳಿದು ದೊಡ್ಡಮ್ಮ ಒಮ್ಮೆ ಗೊಳಕ್ಕೆಂದ ಮೇಲೆ ನೋಡಲು ಬೇರೆ ಎಷ್ಟೋ ಇತ್ತು.

ಕೆಲವು ದಿನಗಳ ಮೇಲೆ, ಒಣಗಿದ ಬಟ್ಟೆ ಒಯ್ಯಲು ಮಡಚುಮನೆಯಿಂದ ಒಬ್ಬಳು ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಒಂದು ಕಾಲದಲ್ಲಿ ಪಕ್ಕದ ಬಾನಿ ಕಲಕುತ್ತಿದ್ದವಳು. ಬಟ್ಟೆ ಎಣಿಸಿಕೊಂಡ ಮೇಲೂ ಅವಳು ಹೋಗಲಿಲ್ಲ. ಬೇಲಿಯ ಹತ್ತಿರ ನಿಂತು ಮೂಗು ಮುಂದೆ ಮಾಡಿದಳು.

“ಈ ವಾಸನೆ ಬಂದು ಎಷ್ಟು ದಿನ ಆಯ್ತೋ,” ಎಂದಳು. “ಅಲ್ಲಿ ಬರೀ ಒಣಬಟ್ಟೆ ವಾಸನೆ.”

“ಒಳಗೆ ಬಾ,” ಎಂದಳು ಗುಬ್ಬಿ.

“ಬರಬಹುದಾ?”

ಗುಬ್ಬಿ ಯಜಮಾನಿಯ ಕಡೆ ನೋಡಿದಳು. ಯಜಮಾನಿ ಬೆನ್ನು ತಿರುಗಿಸಿಕೊಂಡು ಹಗ್ಗದ ಗಂಟು ಬಿಗಿಯುತ್ತಿದ್ದಳು. ಬಿಗಿಯಾಗಿದ್ದ ಗಂಟನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದಳು.

ಬಂದವಳು ಎಣಿಸಿಕೊಂಡ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಗುಬ್ಬಿ ಸ್ಟೂಲಿನಲ್ಲಿ ಒಂದಿಷ್ಟು ಸರಿದು, ಕೋಲಿನ ಇನ್ನೊಂದು ಪಕ್ಕ ಅವಳಿಗೆ ಹಿಡಿಯಲು ಕೊಟ್ಟಳು. ನಾಲ್ಕು ಬೆಳ್ಳನೆಯ ಕೈಗಳು ಒಟ್ಟಿಗೆ ಕಲಕಿದವು. ನೊರೆ ನಿಧಾನವಾಗಿ ತಿರುಗುತ್ತ ನಡುವಿಗೆ ಬಂತು.